ಎಎಫ್‌ಎಲ್ ಆಟಗಾರನ ವೃತ್ತಿ: ಡ್ರಾಫ್ಟ್ ಆದಮೇಲೆ ಎಷ್ಟು ದಿನ ನಡೆಯುತ್ತೆ, ಎಲ್ಲಿ ಮುರಿಯುತ್ತೆ?

ಟಾರ್ನೀಟ್_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗನಿಗೆ 16. ಮೆಲ್ಬರ್ನಿನ ಪಶ್ಚಿಮ ಭಾಗದಲ್ಲಿ ಲೋಕಲ್ ಕ್ಲಬ್‌ಗೆ ಆಡ್ತಾನೆ. ಈಗ ಕೋಟ್ಸ್ ಟ್ಯಾಲೆಂಟ್ ಲೀಗ್ (18ರ ಒಳಗಿನ ಪ್ರತಿಭಾವಂತರ ಲೀಗ್) ತಂಡದ ಟ್ರಯಲ್‌ಗೆ ಕರೆ ಬಂದಿದೆ. ಫುಟಿಯನ್ನೇ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲನ್ನೇ, ವೃತ್ತಿ ಮಾಡ್ಕೊಂಡು ಅದರ ದೊಡ್ಡ ಲೀಗ್ ಎಎಫ್‌ಎಲ್‌ನಲ್ಲಿ ಆಡ್ತೀನಿ ಅಂತಾನೆ. ನಮ್ಮನೇಲಿ ಎಲ್ಲರಿಗೂ ಗೊತ್ತಿರೋದು ಕ್ರಿಕೆಟ್ ಮಾತ್ರ. ಡ್ರಾಫ್ಟ್ (ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನ ಆರಿಸಿಕೊಳ್ಳೋದು) ಹೇಗೆ ನಡೆಯುತ್ತೆ, ಕಾಂಟ್ರಾಕ್ಟ್ ಎಷ್ಟು ವರ್ಷದ್ದು, ಹುಡುಗರು ಯಾವ ಹಂತದಲ್ಲಿ ಹೊರಬೀಳ್ತಾರೆ, ಪೆಟ್ಟಿನ ವಿಷಯ ಏನು, ಬಲ್ಲವರು ವಿವರವಾಗಿ ಹೇಳಿ. ವಿಸಿಇ (ಇಲ್ಲಿನ 11–12ನೇ ಕ್ಲಾಸಿನ) ಓದು ಹಾಳಾಗದ ಹಾಗೆ ಇದನ್ನ ನಿಭಾಯಿಸೋಕೆ ಆಗುತ್ತಾ?

ಡ್ರಾಪ್‌ಪಂಟ್

ಮೊದಲು ವಯಸ್ಸಿನ ಲೆಕ್ಕ. ಯಾವ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುತ್ತೋ ಆ ವರ್ಷದ ನ್ಯಾಷನಲ್ ಡ್ರಾಫ್ಟ್‌ಗೆ ಹುಡುಗ ಅರ್ಹ. ಹೆಚ್ಚಿನವರಿಗೆ ಅದೇ ವರ್ಷ 12ನೇ ಕ್ಲಾಸು. ಅಕ್ಟೋಬರ್‌ನಲ್ಲಿ ಡ್ರಾಫ್ಟ್ ಕಂಬೈನ್ (ಹುಡುಗರ ದೈಹಿಕ ಪರೀಕ್ಷೆಗಳ ಶಿಬಿರ), ಅದರ ಬೆನ್ನಿಗೇ ವಿಸಿಇ ಪರೀಕ್ಷೆ, ನವೆಂಬರ್ ಕೊನೆಗೆ ಡ್ರಾಫ್ಟ್. ಹಾಗಾಗಿ ಓದಿನ ಭಾರವನ್ನ 11ನೇ ಕ್ಲಾಸಿನಲ್ಲೇ ಇಳಿಸಿಕೊಳ್ಳಿ. ಒಂದೆರಡು ವಿಸಿಇ ವಿಷಯ ಆ ವರ್ಷವೇ ಮುಗಿಸೋಕೆ ಆಗುತ್ತಾ ಅಂತ ಶಾಲೆಯಲ್ಲಿ ಈಗಲೇ ಕೇಳಿ.

ಕಂಬೈನ್‌ನಲ್ಲಿ 20 ಮೀಟರ್ ಓಟ, ಚುರುಕಿನ ಪರೀಕ್ಷೆ, ನಿಂತಲ್ಲಿಂದ ಮತ್ತು ಓಡಿ ಬಂದು ಹಾರುವ ಎತ್ತರ, 2 ಕಿ.ಮೀ. ಓಟ ಇರುತ್ತೆ. 20 ಮೀಟರನ್ನ 3 ಸೆಕೆಂಡಿನೊಳಗೆ ಮುಗಿಸಿದರೆ ವೇಗಿ ಅಂತಾರೆ. 2 ಕಿ.ಮೀ. 6 ನಿಮಿಷದ ಹತ್ತಿರ ಬಂದರೆ ಎಲ್ಲ ಕ್ಲಬ್ಬೂ ಬರೆದುಕೊಳ್ಳುತ್ತೆ. ಆದರೆ ಈ ಅಂಕಿಗಳ ಬೆನ್ನು ಹತ್ತಬೇಡಿ. ರಿಕ್ರೂಟರ್‌ಗಳು (ಕ್ಲಬ್ಬಿಗೆ ಆಟಗಾರರನ್ನ ಹುಡುಕೋರು) ನೋಡೋದು ಒತ್ತಡದಲ್ಲಿ ಎರಡೂ ಕಾಲಲ್ಲಿ ಒದೆಯೋಕೆ ಬರುತ್ತಾ, ಚೆಂಡು ಸಿಗೋ ಮುಂಚೆ ಎಲ್ಲಿಗೆ ಓಡ್ತಾನೆ, ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡ್ತಾನಾ ಅನ್ನೋದನ್ನ. 18ರ ಒಳಗಿನವರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ವಿಕ್ಟೋರಿಯಾದ ಮೆಟ್ರೋ ತಂಡದಲ್ಲಿ ಜಾಗ ಸಿಕ್ಕರೆ ಅದು ಯಾವ ಟೆಸ್ಟಿಗಿಂತಲೂ ದೊಡ್ಡ ಪರೀಕ್ಷೆ.

ನಿಮಗೆ ನೇರವಾಗಿ ಸಂಬಂಧಪಟ್ಟ ಇನ್ನೊಂದು ದಾರಿ ಇದೆ: ಕ್ಲಬ್ಬುಗಳೇ ನಡೆಸೋ ನೆಕ್ಸ್ಟ್ ಜನರೇಶನ್ ಅಕಾಡೆಮಿ. ತಂದೆ ಅಥವಾ ತಾಯಿ ಏಷ್ಯಾದಲ್ಲಿ ಹುಟ್ಟಿದ್ದರೆ ಮಗನಿಗೆ ಅರ್ಹತೆ ಬರುತ್ತೆ. ನಿಮ್ಮ ಪ್ರದೇಶ ಯಾವ ಕ್ಲಬ್ಬಿನ ವಲಯಕ್ಕೆ ಸೇರುತ್ತೋ ಆ ಅಕಾಡೆಮಿಗೆ ಈಗಲೇ ಬರೆಯಿರಿ. ಡ್ರಾಫ್ಟ್ ವರ್ಷದ ತನಕ ಕಾದರೆ ತಡವಾಗುತ್ತೆ. ಬೇರೆ ಕ್ಲಬ್ ನಿಮ್ಮ ಹುಡುಗನ ಹೆಸರು ಕೂಗಿದರೆ, ಅಕಾಡೆಮಿಯ ಕ್ಲಬ್ ಅದಕ್ಕೆ ತಕ್ಕ ಡ್ರಾಫ್ಟ್ ಪಾಯಿಂಟ್ (ತನ್ನ ಆಯ್ಕೆ ಸರದಿಗಳಿಗೆ ಇರುವ ಅಂಕ) ಕೊಟ್ಟು ತನ್ನಲ್ಲೇ ಉಳಿಸಿಕೊಳ್ಳಬಹುದು. ಈ ನಿಯಮ ಮಾತ್ರ ಹಲವು ಸಲ ಬದಲಾಗಿದೆ. ಮ್ಯಾಕ್ ಆಂಡ್ರ್ಯೂ ಮೆಲ್ಬರ್ನ್ ಕ್ಲಬ್ಬಿನ ಅಕಾಡೆಮಿ ಹುಡುಗ. 2021ರಲ್ಲಿ ಮೊದಲ 20 ಆಯ್ಕೆಗಳೊಳಗೆ ಅಕಾಡೆಮಿ ಹಕ್ಕು ನಡೆಯುತ್ತಿರಲಿಲ್ಲವಾದ್ದರಿಂದ ಗೋಲ್ಡ್ ಕೋಸ್ಟ್ 5ನೇ ಆಯ್ಕೆಯಲ್ಲಿ ಕರೆದುಕೊಂಡು ಹೋಯಿತು.

ಅಂದರೆ ಪರ್ತ್‌ಗೋ ಬ್ರಿಸ್ಬೇನ್‌ಗೋ ಹೋಗಬೇಕಾಗಿ ಬರಬಹುದು, ಆಯ್ಕೆ ಹುಡುಗನ ಕೈಲಿರಲ್ಲ. ಅಡಿಲೇಡ್ ಕಡೆಯ ಜೇಸನ್ ಹಾರ್ನ್-ಫ್ರಾನ್ಸಿಸ್ 2021ರ ಮೊದಲ ಆಯ್ಕೆಯಾಗಿ ನಾರ್ತ್ ಮೆಲ್ಬರ್ನ್‌ಗೆ ಬಂದು, ಒಂದೇ ಸೀಸನ್ ಆಡಿ ಪೋರ್ಟ್ ಅಡಿಲೇಡ್‌ಗೆ ಹೋದರು. ಅಷ್ಟು ಪ್ರತಿಭೆ ಇದ್ದವರಿಗೆ ಅದು ನಡೆಯುತ್ತೆ. 50ನೇ ಆಯ್ಕೆಯ ಹುಡುಗ ಊರು ನೆನಪಾಗುತ್ತೆ ಅಂದರೆ ಕ್ಲಬ್ ಅಷ್ಟು ಕೇಳಿಸಿಕೊಳ್ಳಲ್ಲ. ಅಡುಗೆ, ಬಟ್ಟೆ, ಬ್ಯಾಂಕ್ ಕೆಲಸ ಈಗಲೇ ಕಲಿಸಿ.

ಪಟ್ಟಿ_ಲೆಕ್ಕ

ಡ್ರಾಪ್‌ಪಂಟ್ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಎಲ್ಲರೂ ಡ್ರಾಫ್ಟ್ ರಾತ್ರಿಯನ್ನ ಹೆಬ್ಬಾಗಿಲು ಅಂದುಕೊಳ್ತಾರೆ. ನಿಜವಾದ ಬಾಗಿಲು ಎರಡನೇ ಕಾಂಟ್ರಾಕ್ಟ್.

ಮೊದಲ ಸುತ್ತಿನವರಿಗೆ ಈಗ ಮೂರು ವರ್ಷ, ಉಳಿದವರಿಗೆ ಎರಡು ವರ್ಷದ ಕರಾರು. ಒಂದು ಕ್ಲಬ್ಬಿನ ಆಟಗಾರರ ಪಟ್ಟಿ ರೂಕಿಗಳೂ (ಹೆಚ್ಚುವರಿ ಪಟ್ಟಿಯವರು) ಸೇರಿ 44 ದಾಟಲ್ಲ. ಪ್ರತಿ ನವೆಂಬರ್‌ನಲ್ಲಿ ಹೊಸಬರು ಎಷ್ಟು ಜನ ಬಂದರೋ ಅಷ್ಟು ಹಳಬರು ಜಾಗ ಬಿಡಲೇಬೇಕು. ಎರಡನೇ ವರ್ಷದ ಜುಲೈ ಹೊತ್ತಿಗೆ ಹೊಸ ಕರಾರಿನ ಮಾತೇ ಬಂದಿಲ್ಲ ಅಂದರೆ ಅದನ್ನ ಎಚ್ಚರಿಕೆ ಅಂತ ತಿಳಿದುಕೊಳ್ಳಬೇಕು.

ಯಾಕೆ ಬೀಳ್ತಾರೆ? 18ರ ಒಳಗೆ ಎಲ್ಲ ಒಳ್ಳೆ ಹುಡುಗರೂ ಮಿಡ್‌ಫೀಲ್ಡರ್‌ಗಳೇ. ಎಎಫ್‌ಎಲ್ ತಂಡಕ್ಕೆ ಹೋದರೆ ಅಲ್ಲಿ ಹತ್ತು ವರ್ಷ ಆಡಿದ ಗಂಡಸರು ಆ ಜಾಗದಲ್ಲಿರ್ತಾರೆ. ಕೋಚ್ ಹಾಫ್‌ಬ್ಯಾಕ್‌ಗೋ (ಹಿಂದಿನ ರಕ್ಷಣೆಯ ಜಾಗ) ವಿಂಗ್‌ಗೋ (ಮೈದಾನದ ಅಂಚು) ಕಳಿಸ್ತಾರೆ. ಆ ಜಾಗದ ಕೆಲಸವನ್ನ ವಿಎಫ್‌ಎಲ್ (ಎಎಫ್‌ಎಲ್‌ಗಿಂತ ಕೆಳಗಿನ ಲೀಗ್) ಪಂದ್ಯಗಳಲ್ಲಿ ಮನಸಿಟ್ಟು ಕಲಿತವನು ಉಳಿಯುತ್ತಾನೆ. ನನ್ನ ಜಾಗ ಇದಲ್ಲ ಅಂತ ಕಾಯ್ತಾ ಕೂತವನು ಹೋಗ್ತಾನೆ. ರಕ್ (ಮೇಲೆ ಎಸೆದ ಚೆಂಡಿಗೆ ಹಾರುವವನು) ಮತ್ತು ಕೀ ಫಾರ್ವರ್ಡ್‌ (ಗೋಲಿನ ಮುಂದಿನ ಮುಖ್ಯ ಆಟಗಾರ) ಜಾಗದ ಎತ್ತರದ ಹುಡುಗರಿಗೆ ಮೈ ತುಂಬೋಕೆ ನಾಲ್ಕೈದು ವರ್ಷ ಬೇಕು, ಅದಕ್ಕೆ ಕ್ಲಬ್ಬುಗಳು ಅವರ ವಿಷಯದಲ್ಲಿ ಹೆಚ್ಚು ತಾಳ್ಮೆ ತೋರ್ತವೆ. 180 ಸೆಂ.ಮೀ. ಹುಡುಗನಿಗೆ ಅಷ್ಟು ಸಮಯ ಸಿಗೋದು ಕಮ್ಮಿ.

ದುಡ್ಡು: 2023ರಲ್ಲಿ ಆದ ಒಪ್ಪಂದದ ಪ್ರಕಾರ ಪುರುಷ ಆಟಗಾರರ ಸರಾಸರಿ ಸಂಬಳ 2027ಕ್ಕೆ ಸುಮಾರು 5,19,000 ಡಾಲರ್ ಮುಟ್ಟುತ್ತೆ. ಈ ಸರಾಸರಿಯನ್ನ ತಾರೆಗಳು ಮೇಲಕ್ಕೆ ಎಳೀತಾರೆ. ಹೊಸ ಹುಡುಗನಿಗೆ ನಿಗದಿತ ಮೂಲ ಸಂಬಳ, ಜತೆಗೆ ಆಡಿದ ಪಂದ್ಯಕ್ಕೆ ಇಷ್ಟು ಅಂತ. ಪೆಟ್ಟಾಗಿ ಕೂತರೆ ಆ ಎರಡನೇ ಭಾಗ ಹೋಯಿತು. 8 ವರ್ಷ ಒಂದೇ ಕ್ಲಬ್ಬಿನಲ್ಲಿ ಇದ್ದವನಿಗೆ ಮಾತ್ರ ಫ್ರೀ ಏಜೆನ್ಸಿಯ, ಅಂದರೆ ಕರಾರು ಮುಗಿದಾಗ ತಾನೇ ಬೇರೆ ಕ್ಲಬ್ ಆರಿಸಿಕೊಳ್ಳೋ, ಬಲ ಬರುತ್ತೆ. ಲ್ಯಾನ್ಸ್ ಫ್ರಾಂಕ್ಲಿನ್ 2013ರ ಕೊನೆಗೆ ಸಿಡ್ನಿ ಜತೆ ಮಾಡಿಕೊಂಡ 9 ವರ್ಷ, 1 ಕೋಟಿ ಡಾಲರ್ ಕರಾರು ಹಾಗೆ ಬಂದದ್ದು. ಅಲ್ಲಿಗೆ ತಲುಪೋವಷ್ಟು ವರ್ಷ ಹೆಚ್ಚಿನವರು ಪಟ್ಟಿಯಲ್ಲೇ ಇರಲ್ಲ.

ಮಂಡಿಚಿಪ್ಪು

ಪೆಟ್ಟಿನ ವಿಷಯ ನಾನು ಬರೀತೀನಿ, ಇದು ಕ್ರೀಡಾ ಫಿಸಿಯೋ ಕಣ್ಣಿಂದ.

ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 12ರಿಂದ 15 ಕಿ.ಮೀ. ಓಡ್ತಾನೆ, ನಡುನಡುವೆ ಪೂರ್ತಿ ವೇಗದ ಓಟ. ಅದಕ್ಕೇ ಈ ಆಟದಲ್ಲಿ ಅತಿ ಹೆಚ್ಚು ಆಗೋದು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು. ಪೂರ್ತಿ ವೇಗದಲ್ಲಿ ಕಾಲು ಮುಂದೆ ಚಾಚಿ ನೆಲ ಮುಟ್ಟೋ ಹೊತ್ತಿಗೆ, ಇಲ್ಲವೇ ಓಡ್ತಾ ಬಗ್ಗಿ ಚೆಂಡು ಎತ್ತೋವಾಗ ಹರಿಯುತ್ತೆ. ಸಾಧಾರಣ ಪೆಟ್ಟಿಗೆ 3–4 ವಾರ, ಸ್ನಾಯುರಜ್ಜುವಿಗೂ ತಾಗಿದ್ದರೆ ತಿಂಗಳುಗಟ್ಟಲೆ. ನೋವಿಲ್ಲ ಅಂತ ಮೈದಾನಕ್ಕೆ ಇಳಿದರೆ ಮತ್ತೆ ಅಲ್ಲೇ ಹರಿಯುತ್ತೆ. ಪೂರ್ತಿ ವೇಗದ ಓಟ ಅಭ್ಯಾಸದಲ್ಲಿ ಹಲವು ಸಲ ಆದಮೇಲೆಯೇ ಪಂದ್ಯ.

ಮಂಡಿಯ ಎಸಿಎಲ್ (ಒಳಗಿನ ಮುಖ್ಯ ಕಟ್ಟು) ಹರಿದರೆ 9ರಿಂದ 12 ತಿಂಗಳು. 20ರ ಒಳಗಿನವರಲ್ಲಿ ಅದು ಮತ್ತೆ ಹರಿಯೋ ಅಪಾಯ ಹೆಚ್ಚು, ಆತುರ ಬೇಡ. ಎರಡು ವರ್ಷದ ಕರಾರಿನಲ್ಲಿ ಒಂದು ಎಸಿಎಲ್ ಅಂದರೆ ಅರ್ಧ ಕರಾರು ಮುಗಿದಂತೆ.

ನಿಮ್ಮ ಮಗನ ವಯಸ್ಸಿಗೆ ದೊಡ್ಡ ಅಪಾಯ ಬೇರೆ. ಶಾಲೆಯ ತಂಡ, ಲೋಕಲ್ ಕ್ಲಬ್, ಟ್ಯಾಲೆಂಟ್ ಲೀಗ್ ಮೂರೂ ಕಡೆ ಆಡಿಸ್ತಾರೆ, ಒಬ್ಬ ಕೋಚ್ ಇನ್ನೊಬ್ಬರನ್ನ ಕೇಳಲ್ಲ. ಸೊಂಟದ ಕೆಳಗಿನ ಬೆನ್ನುಮೂಳೆಯಲ್ಲಿ ಒತ್ತಡದ ಬಿರುಕು, ತೊಡೆಸಂದಿಯ ಮೂಳೆ ನೋವು ಹೀಗೇ ಶುರುವಾಗೋದು. ಒಂದು ಪುಸ್ತಕದಲ್ಲಿ ವಾರದ ಪಂದ್ಯ, ಅಭ್ಯಾಸದ ನಿಮಿಷ ಬರೆದಿಡಿ, ಮೂವರು ಕೋಚ್‌ಗಳಿಗೂ ತೋರಿಸಿ. ವಾರಕ್ಕೆ ಒಂದೇ ಪಂದ್ಯ ಸಾಕು.

ತಲೆಗೆ ಪೆಟ್ಟಾದಾಗ ಯಾವ ರಾಜಿಯೂ ಬೇಡ. ಎಎಫ್‌ಎಲ್‌ನಲ್ಲಿ ಕನ್ಕಶನ್ (ತಲೆಯ ಪೆಟ್ಟಿನಿಂದ ಮೆದುಳು ಅಲುಗೋದು) ಆದರೆ ಬೇಗ ಅಂದರೂ 12ನೇ ದಿನಕ್ಕೆ ವಾಪಸ್, ಲೋಕಲ್ ಕ್ಲಬ್ಬುಗಳಿಗೆ ಈಗ ಕನಿಷ್ಠ 21 ದಿನ. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ 28ನೇ ವಯಸ್ಸಿಗೆ, 2024ರ ಫೆಬ್ರವರಿಯಲ್ಲಿ, ಈ ಕಾರಣಕ್ಕೇ ಆಟ ಬಿಟ್ಟರು. ಮಾಜಿ ಆಟಗಾರರಾದ ಡ್ಯಾನಿ ಫ್ರಾಲಿ, ಶೇನ್ ಟಕ್ ಇಬ್ಬರ ಮೆದುಳಿನಲ್ಲೂ ಸಾವಿನ ನಂತರ ಸಿಟಿಇ (ತಲೆಗೆ ಮತ್ತೆ ಮತ್ತೆ ಪೆಟ್ಟಾಗಿ ಬರುವ ಮೆದುಳಿನ ರೋಗ) ಪತ್ತೆಯಾಯಿತು. ಹುಡುಗರು ಲಕ್ಷಣ ಮುಚ್ಚಿಡ್ತಾರೆ. ಪಂದ್ಯದ ರಾತ್ರಿ ತಲೆನೋವು, ಬೆಳಕು ಆಗದೇ ಇರೋದು, ಸಿಡುಕು ಕಂಡರೆ ನೀವೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ಟಾರ್ನೀಟ್_ಅಪ್ಪ

ತುಂಬಾ ಉಪಕಾರವಾಯ್ತು. ಎರಡು ಪ್ರಶ್ನೆ ಉಳೀತು. 18ಕ್ಕೆ ಯಾರೂ ತಗೊಳ್ಳದಿದ್ದರೆ ಮುಗೀತಾ? ಏಜೆಂಟ್ ಈಗಲೇ ಬೇಕಾ?

ಪಟ್ಟಿ_ಲೆಕ್ಕ

ಮುಗಿಯಲ್ಲ. ನ್ಯಾಷನಲ್ ಡ್ರಾಫ್ಟ್ ಬೆನ್ನಿಗೆ ರೂಕಿ ಡ್ರಾಫ್ಟ್ ಇದೆ, 2019ರಿಂದ ಸೀಸನ್ ನಡುವೆ ಮತ್ತೊಂದು. ಸ್ಯಾಮ್ ಮಿಚೆಲ್‌ರನ್ನ 2000ದಲ್ಲಿ ಯಾರೂ ತಗೊಳ್ಳಲಿಲ್ಲ. 2001ರಲ್ಲಿ ಹಾಥಾರ್ನ್ 36ನೇ ಆಯ್ಕೆಯಾಗಿ ತಗೊಂಡಿತು, ಮುಂದೆ ಬ್ರೌನ್‌ಲೋ ಪದಕ (ಸೀಸನ್ನಿನ ಅತ್ಯುತ್ತಮ ಆಟಗಾರನಿಗೆ ಕೊಡೋದು) ಬಂತು, ಈಗ ಅದೇ ಕ್ಲಬ್ಬಿನ ಕೋಚ್. ಟಾಮ್ ಸ್ಟುವರ್ಟ್ 2016ರಲ್ಲಿ 23 ತುಂಬಿದ ಮೇಲೆ ಜೀಲಾಂಗ್‌ಗೆ ಬಂದವರು. ಮಾರ್ಲಿಯನ್ ಪಿಕೆಟ್ 27ನೇ ವಯಸ್ಸಿಗೆ 2019ರ ನಡು-ಸೀಸನ್ ಡ್ರಾಫ್ಟ್‌ನಿಂದ ರಿಚ್ಮಂಡ್ ಸೇರಿ, ಮೊದಲ ಪಂದ್ಯವನ್ನೇ ಗ್ರ್ಯಾಂಡ್ ಫೈನಲ್‌ನಲ್ಲಿ ಆಡಿ ಗೆದ್ದರು. ನಿಮ್ಮ ಹತ್ತಿರದ ವೆರಿಬೀ ವಿಎಫ್‌ಎಲ್ ತಂಡದಿಂದ ಮೈಕಲ್ ಬಾರ್ಲೋ ಫ್ರೀಮ್ಯಾಂಟಲ್‌ಗೆ ಹೋಗಿ 2010ರಲ್ಲಿ 22ಕ್ಕೆ ಪದಾರ್ಪಣೆ ಮಾಡಿದರು. 18ಕ್ಕೆ ಆಗದಿದ್ದರೆ ವಿಎಫ್‌ಎಲ್ ತಂಡ ಸೇರಿ, ಜತೆಗೆ ಟೇಫ್ (ಸರ್ಕಾರಿ ವೃತ್ತಿ ತರಬೇತಿ ಕಾಲೇಜು) ಅಥವಾ ಯೂನಿವರ್ಸಿಟಿ. ಮೂರು ವರ್ಷ ಗಡಸು ಗಂಡಸರ ಜತೆ ಆಡೋದು ವ್ಯರ್ಥ ಅಲ್ಲ.

ಏಜೆಂಟ್ 16ಕ್ಕೆ ಬೇಡ. ಕೊನೆಯ ಅಂಡರ್-18 ವರ್ಷದಲ್ಲಿ ಯೋಚಿಸಿ. ಆಟಗಾರರ ಸಂಘ ಎಎಫ್‌ಎಲ್‌ಪಿಎ ಕೊಡುವ ಮಾನ್ಯತೆ ಇದೆಯಾ ನೋಡಿ, ಕಮಿಷನ್ ಯಾವುದರ ಮೇಲೆ ಅಂತ ಬರೆಸಿಕೊಳ್ಳಿ, ಅವರ ಕೈಲಿ ಈಗಾಗಲೇ ಎಷ್ಟು ಆಟಗಾರರಿದ್ದಾರೆ ಕೇಳಿ.

ಇನ್ನೊಂದು. ಬೆಟ್ಟಿಂಗ್ ಆ್ಯಪ್ ಫೋನಿನಲ್ಲಿ ಇರಲೇಬಾರದು. ಕಾಲಿಂಗ್‌ವುಡ್‌ನ ಜೇಡನ್ ಸ್ಟೀಫನ್ಸನ್ 2019ರಲ್ಲಿ ತಮ್ಮ ಪಂದ್ಯಗಳ ಮೇಲೆ ಒಟ್ಟು 36 ಡಾಲರ್ ಕಟ್ಟಿದ್ದಕ್ಕೆ 10 ಪಂದ್ಯ ಹೊರಗೆ ಕೂತರು. ತಂಡದಲ್ಲಿ ಯಾರಿಗೆ ಪೆಟ್ಟು, ಯಾರು ಆಡ್ತಾರೆ ಅನ್ನೋ ಸುದ್ದಿಯನ್ನ ಗೆಳೆಯರ ಗುಂಪಿಗೆ ಹಾಕೋದೂ ಅಪರಾಧವೇ.

ಡ್ರಾಪ್‌ಪಂಟ್

ಟ್ರಯಲ್‌ಗೆ ಹೊಸ ಬೂಟು ಹಾಕಿಸಬೇಡಿ, ಎರಡು ವಾರ ಮೊದಲೇ ಪಳಗಿಸಿ. ಎಡಗಾಲಲ್ಲಿ 25 ಮೀಟರ್ ಡ್ರಾಪ್ ಪಂಟ್ (ಕೈಯಿಂದ ಬಿಟ್ಟ ಚೆಂಡನ್ನ ನೆಲ ಮುಟ್ಟೋ ಮುಂಚೆ ಒದೆಯೋದು) ದಿನಕ್ಕೆ 40 ಸಾಕು, ಅದಕ್ಕಿಂತ ಹೆಚ್ಚು ಮಾಡಿದರೆ ತೊಡೆಸಂದಿ ಕೂಗುತ್ತೆ. ಹಿಂದಿನ ದಿನ ಓಡಿಸಬೇಡಿ.