ಹಾಸ್ಟೆಲ್ ಹುಡುಗರಿಗೆ ಹೇಳಲು ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯ ಯಾವ ನಗೆ ಕತೆ ಒಳ್ಳೆಯದು?

ಶಹಾಪುರದ ಮೇಷ್ಟ್ರು:
ನಮಸ್ಕಾರ ರೀ ಎಲ್ಲರಿಗೂ. ಯಾದಗಿರಿ ಜಿಲ್ಲೆಯ ಒಂದು ಹಾಸ್ಟೆಲ್‌ನಲ್ಲಿ ಸಂಜೆ ಏಳು, ಎಂಟನೇ ತರಗತಿ ಹುಡುಗರಿಗೆ ಕತೆ ಹೇಳುತ್ತೇನೆ. ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯ ತಮಾಷೆ ಕತೆಗಳನ್ನು ಕನ್ನಡದಲ್ಲಿ ಹೇಳಬೇಕೆಂದು ತುಂಬಾ ಆಸೆ. ಊಟದ ಗಂಟೆ, ಮನೆಯ ನೆನಪು, ಟ್ರಂಕಿಗೆ ಬೀಗ ಹಾಕಿ ಇಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಇದೆಲ್ಲ ಇವರಿಗೂ ಗೊತ್ತಿರುವುದೇ ಅಲ್ವಾ. ಆದರೆ ಪ್ರಿಫೆಕ್ಟ್ (ಚಿಕ್ಕವರ ಶಿಸ್ತು ನೋಡಿಕೊಳ್ಳುವ ದೊಡ್ಡ ಹುಡುಗ) ಅಂದ್ರೆ ಯಾರು, ದೊಡ್ಡ ಹುಡುಗರಿಗೆ ಚಿಕ್ಕವರು ಯಾಕೆ ಚಾಕರಿ ಮಾಡಬೇಕು ಎಂದು ವಿವರಿಸುತ್ತಾ ಕೂತರೆ ನಗು ಎಲ್ಲಿ ಬರುತ್ತದೆ? ಬಿಲ್ಲಿ ಬಂಟರ್‌ನಿಂದ ಶುರು ಮಾಡಲಾ?

ಕಲಬುರಗಿ ಓದುಗ:
ಬೇಡ ಸರ್. ಬಂಟರ್ 1908ರಿಂದ 1940ರವರೆಗೆ 'ಮ್ಯಾಗ್ನೆಟ್' ವಾರಪತ್ರಿಕೆಯಲ್ಲಿ ಬಂದವನು. ಬರೆದವರು ಫ್ರಾಂಕ್ ರಿಚರ್ಡ್ಸ್. ಎಂದೂ ಬಾರದ ಪೋಸ್ಟಲ್ ಆರ್ಡರ್ (ಅಂಚೆಯಲ್ಲಿ ಬರುವ ಹಣ) ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಎಲ್ಲರ ಹತ್ತಿರ ಸಾಲ ಕೇಳುವುದು ನನಗೂ ಇಷ್ಟವೇ. ಆದರೆ ಅರ್ಧ ನಗು ಅವನ ದಪ್ಪ ಮೈ ಮೇಲೇ ನಿಂತಿದೆ. ನಿಮ್ಮ ಹಾಸ್ಟೆಲ್‌ನಲ್ಲಿ ದಪ್ಪಗಿರುವ ಒಬ್ಬ ಹುಡುಗ ಇದ್ದರೆ ಅವತ್ತು ರಾತ್ರಿಯಿಂದಲೇ ಅವನ ಹೆಸರು ಬಂಟರ್ ಆಗುತ್ತದೆ, ಆಮೇಲೆ ಹತ್ತನೇ ತರಗತಿ ಮುಗಿಯುವವರೆಗೂ ಅದು ಬಿಡುವುದಿಲ್ಲ.

ಬೀದರಿನ ಅಕ್ಕ:
ಜೆನಿಂಗ್ಸ್ ಎಂಬ ಬೋರ್ಡಿಂಗ್ ಶಾಲೆ ಹುಡುಗನ ಕತೆಗಳನ್ನು ಹೇಳಿ ಸರ್. ಬರೆದ ಆಂಟನಿ ಬಕರಿಜ್ ಸ್ವತಃ ಮೇಷ್ಟ್ರು. 1948ರಲ್ಲಿ ಬಿಬಿಸಿ ರೇಡಿಯೋ ನಾಟಕವಾಗಿ ಶುರುವಾಯಿತು, 1950ರಲ್ಲಿ ಪುಸ್ತಕ ಬಂತು. ಕಿವಿಗೆಂದೇ ಹುಟ್ಟಿದ ಕತೆ, ಹಾಗಾಗಿ ಜೋರಾಗಿ ಹೇಳಿದರೆ ಚೆನ್ನಾಗಿ ನಡೆಯುತ್ತದೆ. ಜೆನಿಂಗ್ಸ್‌ಗೆ ಕೆಟ್ಟ ಬುದ್ಧಿ ಇಲ್ಲ. ಒಳ್ಳೆಯದು ಮಾಡಲು ಹೋಗಿಯೇ ಗೊಂದಲ ಮಾಡಿಕೊಳ್ಳುತ್ತಾನೆ. ಕೂಗಾಡುವ ವಿಲ್ಕಿನ್ಸ್ ಮೇಷ್ಟ್ರ ಮನಸ್ಸೂ ಮೆತ್ತಗೆ. ಮೋಲ್ಸ್‌ವರ್ತ್ ಎಂಬ ಇನ್ನೊಬ್ಬ ಶಾಲಾ ಹುಡುಗನ ಕತೆಗಳನ್ನು ಮಾತ್ರ ಬಿಡಿ. ಅದರ ಮಜಾ ತಪ್ಪು ಕಾಗುಣಿತದಲ್ಲಿ, ಚಿತ್ರಗಳಲ್ಲಿ ಇದೆ. ಕೇಳುವವರಿಗೆ ಸಿಗುವುದಿಲ್ಲ.

ಸುರಪುರದ ಹಳೇ ಹಾಸ್ಟೆಲ್ ಹುಡುಗ:
ನನ್ನ ಪ್ರಕಾರ ಮೊದಲು 'ವೈಸ್ ವರ್ಸಾ' ಹೇಳಬೇಕು. ಎಫ್. ಆನ್‌ಸ್ಟಿ ಬರೆದದ್ದು, 1882ರಲ್ಲಿ. ರಜೆ ಮುಗಿದು ಶಾಲೆಗೆ ಹೋಗಲು ಅಳುವ ಮಗನಿಗೆ ಅಪ್ಪ ಬುದ್ಧಿ ಹೇಳುತ್ತಾನೆ, ನಾನೂ ನಿನ್ನ ಹಾಗೆ ಹುಡುಗ ಆಗಿದ್ದರೆ ಎಷ್ಟು ಚೆಂದ ಎಂದು. ಆಗ ಅಪ್ಪನ ಕೈಯಲ್ಲಿ ಇಂಡಿಯಾದಿಂದ ಬಂದ, ಕೇಳಿದ್ದನ್ನು ನಿಜ ಮಾಡುವ ಗರುಡ ಕಲ್ಲು ಇರುತ್ತದೆ! ಅಪ್ಪ ಮಗನ ರೂಪಕ್ಕೆ ಬರುತ್ತಾನೆ, ಮಗ ಅಪ್ಪನ ರೂಪದಲ್ಲಿ ಮನೆಯಲ್ಲೇ ಉಳಿಯುತ್ತಾನೆ. ಶಾಲೆಗೆ ಹೋಗಬೇಕಾದವನು ಅಪ್ಪ. ದೊಡ್ಡ ವ್ಯಾಪಾರಿ, ಹೆಡ್‌ಮಾಸ್ಟರ್ ಜೊತೆ ಸರಿಸಮನಾಗಿ ಮಾತಾಡಲು ಹೋಗುತ್ತಾನೆ, ಅವರಿಗೆ ಅದು ಬರೀ ಉದ್ಧಟತನ. ಜೊತೆಗಿನ ಹುಡುಗರೂ ಬಿಡುವುದಿಲ್ಲ. ಇದಕ್ಕೆ ಪ್ರಿಫೆಕ್ಟ್, ಹೌಸ್ (ಶಾಲೆಯೊಳಗಿನ ಹುಡುಗರ ಗುಂಪು) ಏನೂ ವಿವರಿಸಬೇಕಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಹೋದಾಗ ಅತ್ತ ಹುಡುಗರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಶಹಾಪುರದ ಮೇಷ್ಟ್ರು:
ಗರುಡ ಕಲ್ಲಿನ ಕತೆಯೇ ಸರಿ ಅಣ್ಣಾ. ಈ ಭಾನುವಾರ ಪಾಲಕರೂ ಬರುತ್ತಾರೆ, ಅವರನ್ನೂ ಕೂರಿಸಿಯೇ ಹೇಳುತ್ತೇನೆ. ಆಮೇಲೆ ಜೆನಿಂಗ್ಸ್. ಅಕ್ಕಾ, ಮೊದಲ ಪುಸ್ತಕ ಎರಡು ದಿನಕ್ಕೆ ಕೊಡಲು ಆಗುತ್ತದಾ?