ಕರೆಂಟ್ ಹೋದರೆ ಉಪ್ಪುನೀರಿನ ಮೀನಿನ ಟ್ಯಾಂಕ್ ಉಳಿಸಿಕೊಳ್ಳಲು ಏನೇನು ತಯಾರಿ ಬೇಕು?

ಕಡಲಕುದುರೆ:
ಟ್ಯಾಂಕ್ 90×45×50 ಸೆಂ.ಮೀ., ಅಂದರೆ ಸುಮಾರು 200 ಲೀಟರ್. ಕೆಳಗೆ 60 ಲೀಟರ್ ಸಂಪ್ (ಟ್ಯಾಂಕಿನ ನೀರು ಇಳಿದು ಬರುವ ಎರಡನೇ ತೊಟ್ಟಿ). ಎರಡು ಕ್ಲೌನ್ ಮೀನು, ಒಂದು ಗೋಬಿ, ಒಂದಷ್ಟು ಮೆದು ಹವಳ ಇವೆ. ಸಂಪ್ ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ 40 ವ್ಯಾಟ್, ಹೀಟರ್ 200 ವ್ಯಾಟ್, ಟ್ಯಾಂಕಿನೊಳಗೆ ನೀರು ಓಡಾಡಿಸುವ ವೇವ್‌ಮೇಕರ್ 10 ವ್ಯಾಟ್. ಹತ್ತು-ಹನ್ನೆರಡು ಗಂಟೆ ಕರೆಂಟ್ ಇಲ್ಲದಿದ್ದರೂ ಮೀನು ಸಾಯಬಾರದು. ಎಲ್ಲವನ್ನೂ ಇನ್ವರ್ಟರ್‌ಗೆ ಕೊಟ್ಟುಬಿಟ್ಟರೆ ಸಾಕಾ? 12 ವೋಲ್ಟ್, 150 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿ ಇದೆ.

ನೀರಲೆ:
ಎಲ್ಲವನ್ನೂ ಕೊಡಬೇಡಿ. ಲೆಕ್ಕ ನೋಡಿ: 12×150 ಅಂದರೆ 1800 ವ್ಯಾಟ್-ಅವರ್. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ, ಹಾಗಾಗಿ 900 ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಕೊಟ್ಟು, ಹೀಟರ್ ಸತತವಾಗಿ ಉರಿದರೆ ಮೂರೂವರೆ ಗಂಟೆಗೆ ಅದು ಮುಗಿಯಿತು. ವೇವ್‌ಮೇಕರ್ ಒಂದನ್ನೇ ಓಡಿಸಿದರೆ, ಇನ್ವರ್ಟರ್ ತಾನೇ ತಿನ್ನುವ 15 ವ್ಯಾಟ್ ಸೇರಿಸಿದರೂ, 30 ಗಂಟೆ ದಾಟುತ್ತದೆ.

ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆ. ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಕರಗುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಮೀನಷ್ಟೇ ಅಲ್ಲ, ಲೈವ್ ರಾಕ್‌ನ (ಟ್ಯಾಂಕಿನೊಳಗೆ ಇಡುವ, ಜೀವಿಗಳಿರುವ ಕಲ್ಲು) ಬ್ಯಾಕ್ಟೀರಿಯಾವೂ ಅದನ್ನೇ ಬಳಸುತ್ತದೆ. ವೇವ್‌ಮೇಕರನ್ನು ಮೇಲ್ಮುಖ ಮಾಡಿ, ನೀರಿನ ಮೇಲ್ಮೈ ಸದಾ ಕಲಕುವಂತಿರಲಿ. ಸೈನ್ ವೇವ್ ಅಲ್ಲದ (ಮನೆ ಕರೆಂಟಿನಂತೆ ನಯವಾದ ಅಲೆ ಕೊಡದ) ಇನ್ವರ್ಟರ್‌ನಲ್ಲಿ ಎಸಿ ಪಂಪ್ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಹೊಸದಾಗಿ ಕೊಳ್ಳುವುದಾದರೆ ಬ್ಯಾಟರಿಯಿಂದ ನೇರವಾಗಿ ಓಡುವ ಡಿಸಿ ವೇವ್‌ಮೇಕರ್ ತಗೊಳ್ಳಿ.

ಇದರ ಜತೆ ಸೆಲ್ ಹಾಕುವ ಏರ್ ಪಂಪ್ ಒಂದು, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್, ಹೊಸ ಸೆಲ್‌ಗಳು ಟ್ಯಾಂಕ್ ಪಕ್ಕದಲ್ಲೇ ಇರಲಿ. ಸೆಲ್‌ಗಳನ್ನು ಪಂಪ್ ಒಳಗೆ ಹಾಕಿ ಇಡಬೇಡಿ, ಸೋರಿ ತುಕ್ಕು ಹಿಡಿಯುತ್ತದೆ. ಏನೂ ಇಲ್ಲದ ಹೊತ್ತಿನಲ್ಲಿ ಮಗ್‌ನಲ್ಲಿ ನೀರು ಮೊಗೆದು ಒಂದಡಿ ಎತ್ತರದಿಂದ ಸುರಿಯುತ್ತಿರಿ, ಕಾಲು ಗಂಟೆಗೊಮ್ಮೆ ಹತ್ತಿಪ್ಪತ್ತು ಮಗ್. ಊಟ ಹಾಕಲೇಬೇಡಿ. ಮರಳನ್ನು ಕೆದಕಬೇಡಿ.

ಸಂಪ್‌ಮಿತ್ರ:
ಸಂಪ್ ಬಗ್ಗೆ ಯಾರೂ ಹೇಳಿಲ್ಲ, ಆದರೆ ನೆಲವೆಲ್ಲ ನೀರಾಗುವುದು ಅಲ್ಲಿಂದಲೇ. ರಿಟರ್ನ್ ಪಂಪ್ ನಿಂತ ಕೂಡಲೇ ಪೈಪಿನಲ್ಲಿ ನೀರು ಹಿಂದಕ್ಕೆ ಸೈಫನ್ ಆಗುತ್ತದೆ, ಅಂದರೆ ತಾನಾಗಿಯೇ ಎಳೆದುಕೊಂಡು ಸಂಪ್‌ಗೆ ಇಳಿಯುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಪೈಪಿನ ಬಾಯಿ ಮೇಲ್ಮೈಯಿಂದ 3 ಸೆಂ.ಮೀ. ಕೆಳಗಿದ್ದರೆ 12 ಲೀಟರ್ ಇಳಿಯುತ್ತದೆ. 10 ಸೆಂ.ಮೀ. ಆದರೆ 40 ಲೀಟರ್! ಅಷ್ಟು ಜಾಗ ಸಂಪ್‌ನಲ್ಲಿ ಖಾಲಿ ಇದೆಯಾ?

ಬಾಯಿಯನ್ನು ಮೇಲಕ್ಕೆ ತನ್ನಿ, ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ. ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಪಾಚಿಯೋ ಬಸವನಹುಳುವೋ ಆ ತೂತನ್ನು ಮುಚ್ಚುತ್ತದೆ, ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ, ಸುಣ್ಣ ಕಟ್ಟಿ ಪೂರ್ತಿ ಮುಚ್ಚದೆ ಹೋಗುತ್ತದೆ. ಬಿಡುವಿರುವ ದಿನ ನೀವೇ ಪ್ಲಗ್ ಕಿತ್ತು, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ, ಸಂಪ್ ಮೇಲೆ ಗೆರೆ ಎಳೆಯಿರಿ.

ಕರೆಂಟ್ ಬಂದಾಗ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಉಕ್ಕಬಹುದು, ಕೊನೆಗೆ ಹಾಕಿ. ಕ್ಯಾನಿಸ್ಟರ್ ಫಿಲ್ಟರ್ (ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಇದ್ದು ಗಂಟೆಗಟ್ಟಲೆ ನಿಂತಿದ್ದರೆ, ಒಳಗಿನ ಕೊಳೆತ ನೀರನ್ನು ಚೆಲ್ಲಿ, ತೊಳೆದ ಮೇಲೇ ಚಾಲೂ ಮಾಡಿ.

ಕಡಲಕುದುರೆ:
ಸಂಪ್‌ನಲ್ಲಿ ಈಗ 50 ಲೀಟರ್ ಇದೆ, ಇವತ್ತೇ ಇಳಿಸುತ್ತೇನೆ. ಹೀಟರ್ ಬಿಟ್ಟರೆ ನೀರು ತಣ್ಣಗಾಗುವುದಿಲ್ಲವಾ? ಬೇಸಿಗೆಯಲ್ಲಿ ಬಿಸಿಯಾದರೆ?

ಹವಳದಿಬ್ಬ:
200 ಲೀಟರ್ ನಿಧಾನಕ್ಕೆ ತಣ್ಣಗಾಗುತ್ತದೆ. ಗಾಜಿನ ಸುತ್ತ ಕಂಬಳಿ ಸುತ್ತಿ, ಮೇಲ್ಭಾಗ ಮಾತ್ರ ತೆರೆದಿರಲಿ. ಬಿಸಿಯೇ ಹೆಚ್ಚು ಅಪಾಯ. ಮುಚ್ಚಳ ಭದ್ರವಾಗಿರುವ 1 ಲೀಟರ್ ಬಾಟಲಿಗಳಲ್ಲಿ ನೀರು ತುಂಬಿ, ಉಬ್ಬಲು ಜಾಗ ಬಿಟ್ಟು, ಫ್ರೀಜರ್‌ನಲ್ಲಿ ಇಡಿ. ಒಂದು ಬಾಟಲಿ ಕರಗಿದರೆ ನಿಮ್ಮ ಟ್ಯಾಂಕ್ ಸುಮಾರು ಅರ್ಧ ಡಿಗ್ರಿ ಇಳಿಯುತ್ತದೆ. ಪಂಪ್ ನಿಂತಿರುವಾಗ ಸಂಪ್‌ಗೆ ಹಾಕಿ ಪ್ರಯೋಜನವಿಲ್ಲ, ಮೇಲಿನ ಟ್ಯಾಂಕಿಗೇ ಹಾಕಿ, ಗಂಟೆಗೆ 1 ಡಿಗ್ರಿಗಿಂತ ವೇಗ ಬೇಡ. ಹವಳಗಳು ಒಂದೆರಡು ದಿನ ಬೆಳಕಿಲ್ಲದೆ ಇರಬಲ್ಲವು, ಲೈಟ್ ಚಿಂತೆ ಬಿಡಿ.

200 ವ್ಯಾಟ್ ಹೀಟರ್ ಬದಲು 100ರ ಎರಡು ಹಾಕಿ. ಒಂದು ಆಫ್ ಆಗದೆ ಸಿಕ್ಕಿಕೊಂಡರೂ ನೀರು ಗಂಟೆಗೆ ಅರ್ಧ ಡಿಗ್ರಿಗಿಂತ ಹೆಚ್ಚು ಏರದು, ನಿಮಗೆ ಸಮಯ ಸಿಗುತ್ತದೆ.

ಕಲೆಸಿದ ಉಪ್ಪುನೀರು 50 ಲೀಟರ್ ಸದಾ ಇರಲಿ: ಆರ್‌ಓ ನೀರಿಗೆ ಸುಮಾರು 1.9 ಕೆ.ಜಿ. ಅಕ್ವೇರಿಯಂ ಉಪ್ಪು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಬೇಕು, ಮುಚ್ಚಳವಿರುವ ಡ್ರಮ್‌ನಲ್ಲಿಡಿ. ಟ್ಯಾಂಕ್ ಒಡೆದರೆ ಮೀನು, ಹವಳ ಹಿಡಿಯುವುದೂ ಅದರಲ್ಲೇ. ಅಮೋನಿಯಾ (ತ್ಯಾಜ್ಯದಿಂದ ಬರುವ, ಮೀನಿಗೆ ವಿಷವಾಗುವ ವಸ್ತು) ಅಳೆಯುವ ಕಿಟ್, ಅಮೋನಿಯಾ ಕಟ್ಟಿಹಾಕುವ ದ್ರಾವಣ, ಆಕ್ಟಿವೇಟೆಡ್ ಕಾರ್ಬನ್ ಇಟ್ಟುಕೊಳ್ಳಿ. ಆ ದ್ರಾವಣ ಹಾಕಿದ ಮೇಲೂ ಕೆಲವು ಕಿಟ್‌ಗಳು ಕಟ್ಟಿಹಾಕಿದ ಅಮೋನಿಯಾವನ್ನೂ ಸೇರಿಸಿ ತೋರಿಸುತ್ತವೆ. ಗಾಬರಿಯಾಗಿ ಮತ್ತೆ ಮತ್ತೆ ಸುರಿಯಬೇಡಿ.