ಗಾಂಗ್‌ನುಂಗ್‌ನಲ್ಲಿ ಸಸ್ಯಾಹಾರಿ ಅಮ್ಮನಿಗೆ ಊಟ, ಕಾಫಿ ಎಲ್ಲಿ?

ಪ್ರಶ್ನೆ
ಮುಂದಿನ ತಿಂಗಳು ಅಮ್ಮನನ್ನು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ಕಡಲತೀರದ ಊರು ಗಾಂಗ್‌ನುಂಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಕೆಟಿಎಕ್ಸ್ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಮ್ಮ ಮೀನು, ಮಾಂಸ ಮುಟ್ಟುವುದಿಲ್ಲ. ಬೆಳಗಾದರೆ ಒಳ್ಳೆಯ ಕಾಫಿ ಬೇಕೇ ಬೇಕು. ಬ್ರೆಡ್ಡು, ಬಾಳೆಹಣ್ಣಿನಲ್ಲಿ ದಿನ ದೂಡುವುದು ನನಗೆ ಇಷ್ಟವಿಲ್ಲ. ಆ ಊರಿನ ಊಟವನ್ನೇ ಅವರು ಕೂತು ಉಣ್ಣಬೇಕು. ಬಲ್ಲವರು ತಿಳಿಸಿ.

ಉತ್ತರ 1
ಓದಲೆಂದು ಹೋಗಿ ಆ ಊರಿನಲ್ಲಿ ಇದ್ದವಳು ನಾನು. ನಿಮ್ಮ ಅಮ್ಮನಿಗೆ ಒಗ್ಗುವ ಊರು ಅದು, ಧೈರ್ಯವಾಗಿ ಹೋಗಿ.

ಮೊದಲು ಛೋದಾಂಗ್ ಬಡಾವಣೆಯ ತೋಫು ಹೋಟೆಲುಗಳು. ಅಲ್ಲಿ ಸೋಯಾ ಹಾಲನ್ನು ಒಡೆಯಲು ಸಮುದ್ರದ ನೀರು ಬಳಸುವುದು ಹಳೆಯ ರೂಢಿ. ಅಚ್ಚಿನಲ್ಲಿ ಒತ್ತದ ಆ ಮೆತ್ತನೆಯ ತೋಫುವೇ ಸುಂದುಬು. ತನ್ನದೇ ತಿಳಿನೀರಿನಲ್ಲಿ ಬೆಳ್ಳಗೆ, ಹಬೆಯಾಡುತ್ತಾ ಬಟ್ಟಲಿಗೆ ಬರುತ್ತದೆ. ಮೊದಲ ಚಮಚವನ್ನು ಏನನ್ನೂ ಬೆರೆಸದೆ ತಿನ್ನಲಿ, ಗಿಣ್ಣಿನ ಹಾಗೆ ನಾಲಿಗೆಯ ಮೇಲೆ ಕರಗುತ್ತದೆ. ಆಮೇಲೆ ಸೋಯಾ ಸಾಸ್ ಹನಿಸಿಕೊಂಡು ಅನ್ನದೊಂದಿಗೆ ಉಣ್ಣಲಿ. ಕೆಂಪಗಿರುವ ಜಂಪೊಂಗ್ ಸುಂದುಬು ಮಾತ್ರ ಬೇಡ, ಅದರಲ್ಲಿ ಸೀಗಡಿ, ಕಪ್ಪೆಚಿಪ್ಪು ಇರುತ್ತವೆ. ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.

ಛೋದಾಂಗ್ ಎನ್ನುವುದು 16ನೇ ಶತಮಾನದ ಅಧಿಕಾರಿ ಹೋ ಯೊಪ್‌ನ ಕಾವ್ಯನಾಮ. ಅವನ ಮಗಳು, ಕವಯಿತ್ರಿ ಹೋ ನಾನ್‌ಸಲ್‌ಹನ್‌ಳ ಸ್ಮಾರಕ ಉದ್ಯಾನ ಹತ್ತಿರದಲ್ಲೇ ಇದೆ. ಉಂಡ ಮೇಲೆ ಅಲ್ಲಿನ ಪೈನ್ ಮರಗಳ ನೆರಳಿನಲ್ಲಿ ನಡೆದಾಡಿ.

ಉತ್ತರ 2
ಒಂದು ಎಚ್ಚರಿಕೆ. ಪಕ್ಕದಲ್ಲಿಡುವ ಕಿಮ್ಚಿಗೆ, ಅಂದರೆ ಹುಳಿಬರಿಸಿದ ತರಕಾರಿಗೆ, ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಸೇರಿರುತ್ತದೆ. ಹಲವು ಸಾರುಗಳಿಗೆ ಒಣಮೀನಿನ ನೀರೇ ಬುನಾದಿ. ಸೋಲ್‌ನಲ್ಲಿಯೇ ಯಾರಿಂದಲಾದರೂ ಕೊರಿಯನ್ ಲಿಪಿಯಲ್ಲಿ ‘ಮಾಂಸ, ಮೀನು, ಸೀಗಡಿ ಬೇಡ’ ಎಂದು ಚೀಟಿ ಬರೆಸಿಕೊಳ್ಳಿ. ಜುಂಗಾಂಗ್ ಮಾರುಕಟ್ಟೆಯಲ್ಲಿ ಗಾಮ್‌ಜಾಜನ್ ತಿನ್ನಿಸಿ. ತುರಿದ ಆಲೂಗೆಡ್ಡೆಯ ನೀರು ಹಿಂಡಿ, ತಳದಲ್ಲಿ ನಿಂತ ಪಿಷ್ಟವನ್ನು ಮತ್ತೆ ಕಲಸಿ, ಕಾವಲಿಯ ಮೇಲೆ ಎಣ್ಣೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಜಿಗುಟು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಕಾಫಿಯ ವಿಚಾರ? ಆನ್‌ಮೋಕ್ ಕಡಲತೀರವೇ ಸಾಕೇ?

ಉತ್ತರ 1
ಆನ್‌ಮೋಕ್‌ಗೆ ಖಂಡಿತ ಹೋಗಿ. ಹಿಂದೆ ಅಲ್ಲಿ ಸಾಲಾಗಿ ಕಾಫಿ ಯಂತ್ರಗಳಿದ್ದವು. ನಾಣ್ಯ ಹಾಕಿ, ಕಾಗದದ ಲೋಟ ಹಿಡಿದು ಜನ ಕಡಲು ನೋಡುತ್ತಿದ್ದರು. ಈಗ ಅದೇ ಸಾಲಿನಲ್ಲಿ ಬಹುಮಹಡಿ ಕೆಫೆಗಳು. 2009ರಿಂದ ಊರು ಕಾಫಿ ಉತ್ಸವವನ್ನೂ ನಡೆಸುತ್ತಿದೆ. ಆದರೆ ಆ ಕೆಫೆಗಳಲ್ಲಿ ನಾನು ಹಣ ಕೊಡುವುದು ಮೇಲ್ಮಹಡಿಯಿಂದ ಕಾಣುವ ನೀರಿಗೆ. ಕಾಫಿಗಾಗಿಯೇ ಹೋಗುವುದಾದರೆ ಬೊಹೀಮಿಯನ್ ಎಂಬ ಕೆಫೆಗೆ ಹೋಗಿ. ಅದನ್ನು ಕಟ್ಟಿದ ಪಾಕ್ ಇಛು ಕೊರಿಯಾದ ಮೊದಲ ತಲೆಮಾರಿನ ಬರಿಸ್ತಾಗಳಲ್ಲಿ, ಅಂದರೆ ಕಾಫಿ ಮಾಡುವ ಪರಿಣತರಲ್ಲಿ, ಒಬ್ಬರು. ಕಡುವಾಗಿ ಹುರಿದ ಬೀಜದ ಮೇಲೆ ಬಿಸಿನೀರನ್ನು ಕೈಯಾರೆ ಸುರಿದು ಇಳಿಸುವ ಕಾಫಿ ಅದು. ಹಾಲಿಲ್ಲದಿದ್ದರೂ ಗಟ್ಟಿ ಡಿಕಾಕ್ಷನ್ ಬಲ್ಲ ಅಮ್ಮನಿಗೆ ಅದು ಹಿಡಿಸುತ್ತದೆ ಎಂದು ನನ್ನ ನಂಬಿಕೆ.

ದಾರಿಗೆ ಫೋನಿನಲ್ಲಿ ಕೊರಿಯಾದ ನಕ್ಷೆ ಆ್ಯಪ್ ನೇವರ್ ಮ್ಯಾಪ್ ಹಾಕಿಕೊಳ್ಳಿ. ಗೂಗಲ್ ನಕ್ಷೆಯನ್ನು ನಂಬಿ ಅಮ್ಮನನ್ನು ನಡೆಸಬೇಡಿ.